ಬೆಂಡಾಯಿತು ಎನ್ನುವ ಮೊದಲು ಡಿಸ್ಕ್ ಅಳೆಯಿರಿ

ಮೈಸೂರಿನಿಂದ ಮಾನಂದವಾಡಿಗೆ ಹೋಗುವ ರಸ್ತೆ ಎಚ್.ಡಿ. ಕೋಟೆ, ಅಂತರಸಂತೆ ದಾಟಿ ನಾಗರಹೊಳೆಯ ಕಾಡು ಹೊಗುತ್ತದೆ. ಕಾಡಿನ ಭಾಗದಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಹಾಗಾಗಿ ಸಂಜೆ ಐದು ಹೊಡೆಯಿತೆಂದರೆ ಕೇರಳದ ಕಡೆಗೆ ಹೊರಟ ಕಾರುಗಳಿಗೆಲ್ಲ ಗೇಟು ಹಾಕುವುದರೊಳಗೆ ಸೇರಿಕೊಳ್ಳುವ ಆತುರ. ಊರಿನ ಹಂಪ್ ಬಂದಾಗ ಗಕ್ಕನೆ ಬ್ರೇಕು, ಹಂಪ್ ಇಳಿದ ಕೂಡಲೇ ಆಕ್ಸಿಲರೇಟರ್, ಮುಂದಿನ ತಿರುವಿನಲ್ಲಿ ಮನೆಗೆ ಮರಳುತ್ತಿರುವ ದನಗಳು, ಮತ್ತೆ ಬ್ರೇಕು. ಕೊನೆಗೆ ಗೇಟಿನ ಮುಂದೆ ಪೆಡಲ್ ಒತ್ತಿಹಿಡಿದು ಸಾಲಿನಲ್ಲಿ ನಿಲ್ಲುವುದು. ಕಾರಿನ ಬ್ರೇಕಿಗೆ ಇದಕ್ಕಿಂತ ಕಷ್ಟದ ಹೊತ್ತನ್ನು ಬೇಕೆಂದು ಹುಡುಕಿದರೂ ಸಿಗಲಾರದು.

ಈ ದಾರಿಯಲ್ಲಿ ಓಡುವ ಕಾರುಗಳ ದೂರುಗಳೂ ಒಂದೇ ಬಗೆಯವು. ಬ್ರೇಕ್ ಹಿಡಿದರೆ ಸ್ಟೇರಿಂಗ್ ನಡುಗುತ್ತದೆ, ಪೆಡಲ್ ಕಾಲನ್ನು ತಳ್ಳುತ್ತದೆ, ಮುಂದಿನ ಚಕ್ರದಿಂದ ಕರಕರ ಸದ್ದು ಬರುತ್ತದೆ. ಗ್ಯಾರೇಜಿನಲ್ಲಿ ಸಿಗುವ ಉತ್ತರವೂ ಸಿದ್ಧವಾಗಿರುತ್ತದೆ: "ಡಿಸ್ಕು ಬೆಂಡಾಗದೆ ಕಣಣ್ಣ, ಲೇತ್ ಹೊಡಿಸ್ಬುಟ್ರೆ ಸರಿಹೋಯ್ತದೆ." ಹೊಡೆಸಿದ ಮೇಲೆ ನಿಜಕ್ಕೂ ಸರಿಹೋಗುತ್ತದೆ. ಆರು ತಿಂಗಳಿಗೆ ನಡುಕ ವಾಪಸ್ಸು ಬರುತ್ತದೆ. ಆಗ ಹೊಸ ಡಿಸ್ಕ್. ಅದಕ್ಕೂ ಕೆಲವು ತಿಂಗಳಲ್ಲಿ ಅದೇ ರೋಗ ಬಂದಾಗ ಕಂಪನಿಯನ್ನು ಬಯ್ಯುವುದು.

ಇಲ್ಲಿ ಮೆಕ್ಯಾನಿಕ್ ಮೋಸ ಮಾಡುತ್ತಿದ್ದಾನೆ ಎಂದು ನಾನು ಹೇಳುತ್ತಿಲ್ಲ. ಅಳತೆಯನ್ನೇ ಮಾಡದೆ ಕಣ್ಣಂದಾಜಿನಲ್ಲಿ ತೀರ್ಮಾನ ಕೊಡುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿ ಬೇರೂರಿದೆ, ಗಿರಾಕಿಯೂ ಅಳತೆ ಕೇಳುವುದಿಲ್ಲ. ಬ್ರೇಕ್ ಡಿಸ್ಕ್ ಕೆಡುವ ರೀತಿಗಳೆಲ್ಲ ಮಿಲಿಮೀಟರಿನ ಸಣ್ಣ ಸಣ್ಣ ಪಾಲುಗಳಲ್ಲಿ ನಡೆಯುವಂಥವು. ಅಂದಾಜಿಗೆ ಅವು ಸಿಗುವುದಿಲ್ಲ.

ಮೊದಲು ಆ ತಟ್ಟೆಯ ಕೆಲಸ ಎಷ್ಟು ದೊಡ್ಡದೆಂದು ನೋಡೋಣ. ಓಡುವ ಕಾರಿನಲ್ಲಿರುವ ಶಕ್ತಿಯೆಲ್ಲ ಬ್ರೇಕ್ ಹಿಡಿದಾಗ ಬಿಸಿಯಾಗಿ ಹೊರಬರಬೇಕು. 1000 ಕಿಲೋ ತೂಕದ ಸಣ್ಣ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದರೆ ಅದರಲ್ಲಿ ಸುಮಾರು 247 ಕಿಲೋಜೌಲ್ ಶಕ್ತಿ ಇರುತ್ತದೆ. ಒಂದು ಲೀಟರ್ ತಣ್ಣೀರನ್ನು 80 ಡಿಗ್ರಿ ದಾಟಿಸಲು ಅಷ್ಟು ಸಾಕು. ಗಟ್ಟಿಯಾಗಿ ಬ್ರೇಕ್ ಹಿಡಿದರೆ ಇಷ್ಟೂ ಬಿಸಿ ಮೂರು-ನಾಲ್ಕು ಸೆಕೆಂಡಿನಲ್ಲಿ ಹುಟ್ಟುತ್ತದೆ. ಬ್ರೇಕ್ ಹಿಡಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ನೂರಕ್ಕೆ ಸುಮಾರು 70 ಪಾಲು ಕೆಲಸ ಮುಂದಿನ ಎರಡು ಚಕ್ರಗಳ ತಲೆಯ ಮೇಲೆ. ನಾಲ್ಕೈದು ಕಿಲೋ ತೂಗುವ ಒಂದು ಮುಂದಿನ ಡಿಸ್ಕ್ ಅಂಥ ಒಂದು ಸಲದ ಬ್ರೇಕಿಗೆ ಹೆಚ್ಚುಕಡಿಮೆ 40 ಡಿಗ್ರಿ ಬಿಸಿಯೇರುತ್ತದೆ. ಅದು ಆರುವುದರೊಳಗೆ ಮತ್ತೊಂದು ಹಂಪ್, ಮತ್ತೊಂದು 40 ಡಿಗ್ರಿ. ವೇಗ 40ಕ್ಕೆ ಇಳಿದರೆ ಶಕ್ತಿ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಕಾಡುದಾರಿಯಲ್ಲಿ ನಿಧಾನಕ್ಕೆ ಹೋಗಿ ಎಂಬ ಬೋರ್ಡು ಜಿಂಕೆಗಷ್ಟೇ ಅಲ್ಲದೆ ಡಿಸ್ಕಿಗೂ ಉಪಕಾರ ಮಾಡುತ್ತದೆ. ಒಣ ರಸ್ತೆಯಲ್ಲಿ 80ರಲ್ಲಿದ್ದ ಕಾರು ಬ್ರೇಕ್ ಒತ್ತಿದ ಮೇಲೆ ಸುಮಾರು 36 ಮೀಟರ್ ಹೋಗಿ ನಿಂತರೆ, 40ರಲ್ಲಿದ್ದದ್ದು 9 ಮೀಟರಿಗೆ ನಿಲ್ಲುತ್ತದೆ. ಒತ್ತುವ ಮೊದಲು ಚಾಲಕ ಯೋಚಿಸುವ ಒಂದು ಸೆಕೆಂಡಿನ ದೂರ ಇದರ ಮೇಲೆ.

ಇಷ್ಟು ಹಿಂಸೆ ತಾಳುವ ಈ ತಟ್ಟೆಯನ್ನು ಇಂದಿಗೂ ಬೀಡು ಕಬ್ಬಿಣದಲ್ಲೇ ಎರಕ ಹೊಯ್ಯುತ್ತಾರೆ. ಅದರಲ್ಲಿ ನೂರಕ್ಕೆ ಮೂರೂವರೆ ಪಾಲಿನಷ್ಟು ಇಂಗಾಲವಿದ್ದು, ಬಹುಪಾಲು ಗ್ರಾಫೈಟಿನ ಸಣ್ಣ ಸಣ್ಣ ಹಾಳೆಗಳಾಗಿ ಲೋಹದೊಳಗೆ ಹರಡಿಕೊಂಡಿರುತ್ತದೆ. ಆ ಹಾಳೆಗಳು ಬಿಸಿಯನ್ನು ಬೇಗ ಸಾಗಿಸುತ್ತವೆ, ಕಂಪನವನ್ನು ನುಂಗಿ ಸದ್ದು ತಗ್ಗಿಸುತ್ತವೆ. ಬೆಲೆಯೂ ಕಡಿಮೆ, ಲೇತಿನಲ್ಲಿ ಕೊರೆಯುವುದೂ ಸುಲಭ. ತೇವ ತಗುಲಿದರೆ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ ಎಂಬುದೊಂದೇ ದೊಡ್ಡ ದೋಷ. ಸ್ಟೇನ್‌ಲೆಸ್ ಸ್ಟೀಲ್ ಯಾಕೆ ಹಾಕುವುದಿಲ್ಲ ಎಂದು ಕೇಳುವವರಿದ್ದಾರೆ. ಬೈಕಿನ ತೆಳು ಡಿಸ್ಕಿಗೆ ಅದು ನಡೆಯುತ್ತದೆ. ಆದರೆ ಬಿಸಿ ಸಾಗಿಸುವುದರಲ್ಲಿ ಸ್ಟೇನ್‌ಲೆಸ್ ಬೀಡಿಗಿಂತ ಬಹಳ ಹಿಂದೆ. ಕಾರಿನ ತೂಕಕ್ಕೆ ಬೀಡೇ ಸರಿ.

ಮುಂದಿನ ಚಕ್ರದ ಡಿಸ್ಕನ್ನು ಅಂಚಿನಿಂದ ನೋಡಿದರೆ ಎರಡು ತಟ್ಟೆಗಳ ನಡುವೆ ರೆಕ್ಕೆಗಳಂಥ ಗೋಡೆಗಳು ಕಾಣುತ್ತವೆ. ಚಕ್ರ ತಿರುಗಿದಂತೆ ನಡುವಿನಿಂದ ಗಾಳಿ ಎಳೆದು ಅಂಚಿನಿಂದ ಹೊರಗೆ ತಳ್ಳುತ್ತವೆ. ಇದು ಗಾಳಿಯಾಡುವ ಡಿಸ್ಕ್. ಅಗ್ಗದ ಹಳೆಯ ಸಣ್ಣ ಕಾರುಗಳಲ್ಲಿ ಗಟ್ಟಿ ತಟ್ಟೆ ಒಂದೇ ಇರುತ್ತದೆ, ಅದು ನಿಧಾನವಾಗಿ ಆರುತ್ತದೆ. ಕೆಸರು ಗದ್ದೆಯಂಥ ರಸ್ತೆಯಲ್ಲಿ ಓಡಿದ ಮೇಲೆ ಆ ರೆಕ್ಕೆಗಳ ಸಂದಿನಲ್ಲಿ ಮಣ್ಣು ಗಟ್ಟಿಯಾಗಿ ಕೂತರೆ ಗಾಳಿಯ ದಾರಿ ಮುಚ್ಚಿ ಗಾಳಿಯಾಡುವ ಡಿಸ್ಕೂ ಗಟ್ಟಿ ಡಿಸ್ಕಿನಂತಾಗುತ್ತದೆ.

ಇತಿಹಾಸವನ್ನು ಚುಟುಕಾಗಿ ಹೇಳಬಹುದು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದ. ಅಂದಿನ ಪ್ಯಾಡಿನ ಚೀರಾಟ, ಸವೆತಗಳಿಂದ ಅದು ಮೂಲೆಗೆ ಬಿತ್ತು. 1953ರಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಫ್ರಾನ್ಸಿನ ಲೆ ಮಾನ್ 24 ಗಂಟೆಯ ರೇಸ್ ಗೆದ್ದಾಗ ಜಗತ್ತು ಅದನ್ನು ನೆನಪಿಸಿಕೊಂಡಿತು. 1955ರ ಸಿಟ್ರೋಯನ್ ಡಿಎಸ್ ಅದನ್ನು ಜನರ ಕಾರಿಗೆ ತಂದಿತು. ನಮ್ಮಲ್ಲಿ 1962ರಲ್ಲಿ ಟಿವಿಎಸ್ ಪಾಲುದಾರಿಕೆಯಲ್ಲಿ ಮದ್ರಾಸಿನಲ್ಲಿ ಬ್ರೇಕ್ಸ್ ಇಂಡಿಯಾ ಹುಟ್ಟಿತಾದರೂ ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳು ನಾಲ್ಕೂ ಚಕ್ರಕ್ಕೆ ಡ್ರಮ್ ಇಟ್ಟುಕೊಂಡೇ ದಶಕಗಟ್ಟಲೆ ಓಡಿದವು. ಈಗ ಎಷ್ಟು ಅಗ್ಗದ ಹೊಸ ಕಾರಾದರೂ ಮುಂದೆ ಡಿಸ್ಕ್ ಇದ್ದೇ ಇರುತ್ತದೆ. ಹಿಂದೆ ಹೆಚ್ಚಿನವಕ್ಕೆ ಡ್ರಮ್ಮೇ. ಅದರಲ್ಲಿ ಅವಮಾನವೇನಿಲ್ಲ. ಹಿಂದಿನ ಚಕ್ರದ ಕೆಲಸ ಕಡಿಮೆ, ಡ್ರಮ್ಮಿನೊಳಗೆ ಕೆಸರು ಸುಲಭವಾಗಿ ಹೋಗುವುದಿಲ್ಲ, ಹ್ಯಾಂಡ್‌ಬ್ರೇಕ್ ಹಿಡಿತವೂ ಗಟ್ಟಿ.

ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಯಲ್ಲಿ ಡಿಸ್ಕ್ ಸವೆಯುವುದಕ್ಕೆ ಕಿಲೋಮೀಟರಿಗಿಂತ ಮಣ್ಣು ಮುಖ್ಯ ಕಾರಣ. ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಅದೇ ಮಣ್ಣಿನ ರಾಡಿ. ಆ ಮಣ್ಣಿನಲ್ಲಿರುವ ಮರಳಿನ ಕಾಳು ಪ್ಯಾಡಿಗೂ ಡಿಸ್ಕಿಗೂ ನಡುವೆ ಸಿಕ್ಕಿದರೆ ಗ್ರಾಮಫೋನ್ ತಟ್ಟೆಯ ಮೇಲಿನಂಥ ಗೀರುಗಳು ಏಳುತ್ತವೆ. ಉಗುರು ಅಡ್ಡಲಾಗಿ ಎಳೆದಾಗ ಅಲ್ಲಲ್ಲಿ ಸಿಕ್ಕಿಕೊಳ್ಳುವಷ್ಟು ಆಳವಿಲ್ಲದ ಗೀರಿಗೆ ಹೆದರಬೇಕಿಲ್ಲ, ಪ್ಯಾಡ್ ಅದರೊಳಗೆ ಕೂತುಕೊಳ್ಳುತ್ತದೆ. ಮಣ್ಣಿನ ಜೊತೆಗೆ ಹೊರೆ. ತಂಬಾಕು ಹರಾಜಿನ ದಿನಗಳಲ್ಲಿ, ಶುಂಠಿ ಕೀಳುವ ಕಾಲದಲ್ಲಿ ಪಿಕಪ್‌ಗಳ ಮೇಲೆ ಏರಿಸುವ ಮೂಟೆಗಳನ್ನು ಯಾರೂ ಎಣಿಸುವುದಿಲ್ಲ. ತೂಕ ಎರಡು ಪಟ್ಟಾದರೆ ಬ್ರೇಕ್ ನುಂಗಬೇಕಾದ ಬಿಸಿಯೂ ಎರಡು ಪಟ್ಟು. ಡಿಸ್ಕಿನ ಮೈಮೇಲೆ ನೀಲಿ ಮಚ್ಚೆಗಳು ಕಂಡರೆ ಅದು ಇಂಥ ಹೊರೆಯ ಗುರುತು.

ತುಕ್ಕಿನ ವಿಷಯದಲ್ಲಿ ಜನ ಬೇಡವಾದದ್ದಕ್ಕೆ ಹೆದರುತ್ತಾರೆ, ಬೇಕಾದದ್ದನ್ನು ಬಿಡುತ್ತಾರೆ. ಮಳೆಯಲ್ಲಿ ನಿಂತ ಕಾರಿನ ಡಿಸ್ಕ್ ಬೆಳಿಗ್ಗೆ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಗಾಬರಿ ಬೇಡ. ಮನೆಯಿಂದ ಹೆದ್ದಾರಿ ಸೇರುವುದರೊಳಗೆ ನಾಲ್ಕು ಸಲ ಬ್ರೇಕ್ ಹಿಡಿದರೆ ಒರೆಸಿಹೋಗುತ್ತದೆ. ಕಬಿನಿ ಹಿನ್ನೀರಿನ ತೇವದಲ್ಲಿ ಎರಡು ಮೂರು ವಾರ ಕದಲದೆ ನಿಂತ ಕಾರಿನದ್ದು ಬೇರೆ ಕಥೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಅಪ್ಪನ ಮನೆಯಲ್ಲಿ ಬಿಟ್ಟುಹೋದ ಕಾರು, ಮದುವೆ-ಜಾತ್ರೆಗಷ್ಟೇ ತೆಗೆಯುವ ಕಾರು, ಇವುಗಳಲ್ಲಿ ಪ್ಯಾಡ್ ಕೂತ ಜಾಗದ ಅಚ್ಚು ಡಿಸ್ಕಿನ ಮೇಲೆ ಮೂಡುತ್ತದೆ. ಆ ಅಚ್ಚಿನ ಸುತ್ತ ತುಕ್ಕು ಆಳಕ್ಕೆ ಇಳಿದು ಗುಳಿ ಬೀಳುತ್ತದೆ. ಅಂಥ ಕಾರನ್ನು ವಾರಕ್ಕೊಮ್ಮೆಯಾದರೂ ಐದಾರು ಕಿಲೋಮೀಟರ್ ಓಡಿಸಿ, 50ರ ವೇಗದಿಂದ ಕೆಲವು ಸಲ ಹದವಾಗಿ ಬ್ರೇಕ್ ಹಿಡಿಯಬೇಕು. ಅಂಗಳದಲ್ಲಿ ಎಂಜಿನ್ ಹಾಕಿ ಹತ್ತು ನಿಮಿಷ ಬಿಟ್ಟರೆ ಬ್ಯಾಟರಿಗೆ ಅಷ್ಟಿಷ್ಟು ಪ್ರಯೋಜನವಾದೀತು, ಡಿಸ್ಕಿಗೆ ಏನೂ ಇಲ್ಲ. ಬಹಳ ದಿನ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವ ಹಳೆಯ ಪದ್ಧತಿಯೇ ಒಳ್ಳೆಯದು. ಇಲ್ಲದಿದ್ದರೆ ಹಿಂದಿನ ಡ್ರಮ್ಮಿನಲ್ಲಿ ಲೈನರ್ ಅಂಟಿಕೊಳ್ಳುತ್ತದೆ.

ವಾಟರ್ ಸರ್ವಿಸ್ ಮಾಡಿಸುವಲ್ಲಿ ಇನ್ನೊಂದು ಅಪಾಯವಿದೆ. ದೂರದಿಂದ ಓಡಿಬಂದ ಕಾರನ್ನು ನೇರವಾಗಿ ರ‍್ಯಾಂಪಿಗೆ ಹತ್ತಿಸಿ ಚಕ್ರಕ್ಕೆ ತಣ್ಣೀರಿನ ಪೈಪ್ ಹಿಡಿಯುತ್ತಾರೆ. ಕಾದ ಬೀಡಿಗೆ ಒಂದೇ ಕಡೆಯಿಂದ ತಣ್ಣೀರು ಬಿದ್ದರೆ ಒಂದು ಭಾಗ ಕುಗ್ಗುತ್ತದೆ, ಇನ್ನೊಂದು ಭಾಗ ಹಿಗ್ಗಿಯೇ ಇರುತ್ತದೆ. ಸಣ್ಣ ಬಿರುಕುಗಳಿಗೆ ಅದು ದಾರಿ. ಅರ್ಧ ಗಂಟೆ ಟೀ ಕುಡಿದು ಬನ್ನಿ, ಕೆಸರನ್ನು ಆಮೇಲೆ ಧಾರಾಳವಾಗಿ ತೊಳೆಸಿ.

ಈಗ ಆ 'ಬೆಂಡಿ'ನ ಪ್ರಶ್ನೆಗೆ ಬರೋಣ. ಬ್ರೇಕ್ ಹಿಡಿದಾಗ ಸ್ಟೇರಿಂಗ್ ನಡುಗಿದರೆ ಡಿಸ್ಕ್ ಕಾದು ಸೊಟ್ಟಗಾಗಿದೆ ಎಂಬ ನಂಬಿಕೆ ನಮ್ಮ ಗ್ಯಾರೇಜಿಗಷ್ಟೇ ಸೀಮಿತವಲ್ಲ, ಜಗತ್ತಿನ ಎಲ್ಲ ಕಡೆ ಇದೆ. ಅಮೆರಿಕದ ರೇಸಿಂಗ್ ಎಂಜಿನಿಯರ್ ಕ್ಯಾರೊಲ್ ಸ್ಮಿತ್ ಇದನ್ನು ಕಟ್ಟುಕಥೆ ಎಂದೇ ಕರೆದು ಬರೆದಿದ್ದ. ನಿಜವಾಗಿ ಸೊಟ್ಟಗಾದ ಡಿಸ್ಕ್ ಬಲು ಅಪರೂಪ. ನಡುಕಕ್ಕೆ ಬಹುತೇಕ ಕಾರಣ, ಸುತ್ತಲೂ ಒಂದೇ ಸಮ ಇರಬೇಕಾದ ದಪ್ಪ ಒಂದು ಕಡೆ ಚೂರು ಹೆಚ್ಚು, ಇನ್ನೊಂದು ಕಡೆ ಚೂರು ಕಡಿಮೆ ಆಗಿರುವುದು. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿ ಅದರಲ್ಲಿ ಎರಡು ಪಾಲಿನಷ್ಟು ವ್ಯತ್ಯಾಸ ಬಂದರೂ ಕಾಲಿಗೆ ಗೊತ್ತಾಗುತ್ತದೆ. ದಪ್ಪ ಭಾಗ ಪ್ಯಾಡಿನ ನಡುವೆ ಬಂದಾಗ ಪಿಸ್ಟನ್ ಹಿಂದಕ್ಕೆ ಹೋಗುತ್ತದೆ, ತೆಳು ಭಾಗ ಬಂದಾಗ ಮುಂದಕ್ಕೆ ಬರುತ್ತದೆ. ಆ ಹೋಗಿಬರುವಿಕೆಯೇ ಬ್ರೇಕ್ ಆಯಿಲ್ ಮೂಲಕ ಪೆಡಲ್ ಮುಟ್ಟಿ ಅಂಗಾಲನ್ನು ಕುಟ್ಟುತ್ತದೆ.

ಈ ದಪ್ಪ-ತೆಳುವು ಹುಟ್ಟುವುದು ಹೇಗೆ ಎಂಬುದರಲ್ಲಿ ಗುಟ್ಟು ಅಡಗಿದೆ. ಡಿಸ್ಕ್ ಕೂರುವುದು ಹಬ್ಬಿನ ಮುಖದ ಮೇಲೆ. ಹಳೆಯ ಡಿಸ್ಕ್ ತೆಗೆದಾಗ ಆ ಮುಖದ ತುಂಬ ತುಕ್ಕಿನ ಹಕ್ಕಳೆ ಇರುತ್ತದೆ. ಅದನ್ನು ಕೆರೆಯದೆ ಹೊಸ ಡಿಸ್ಕ್ ಕೂರಿಸಿದರೆ ಒಂದು ಹಕ್ಕಳೆಯ ದಪ್ಪದಷ್ಟು ಅದು ವಾಲುತ್ತದೆ. ಹಬ್ಬಿನ ಹತ್ತಿರದ ಆ ಚೂರು ವಾಲಿಕೆ ಡಿಸ್ಕಿನ ಅಂಚಿಗೆ ಹೋಗುವಷ್ಟರಲ್ಲಿ ಇಮ್ಮಡಿಯಾಗುತ್ತದೆ. ಮೊದಲ ದಿನ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ದಪ್ಪ ಎಲ್ಲ ಕಡೆ ಸಮವಾಗಿಯೇ ಇದೆ. ಬ್ರೇಕ್ ಹಿಡಿಯದೆ ಓಡುವಾಗಲೂ ಚಕ್ರದ ಪ್ರತಿ ಸುತ್ತಿಗೆ ಒಮ್ಮೆ ಡಿಸ್ಕಿನ ಅದೇ ಜಾಗ ಪ್ಯಾಡನ್ನು ಸವರಿಕೊಂಡು ಹೋಗುತ್ತದೆ. ಸಾವಿರಾರು ಕಿಲೋಮೀಟರ್ ಹೀಗೆ ಸವರಿ ಸವರಿ ಅಲ್ಲಿ ತೆಳುವಾಗುತ್ತದೆ. ಆಮೇಲೆ ನಡುಕ ಶುರು. ಲೇತ್ ಹೊಡೆಸಿದರೆ ದಪ್ಪ ಸಮವಾಗಿ ನಡುಕ ನಿಲ್ಲುತ್ತದೆ, ಆದರೆ ವಾಪಸ್ಸು ಕೂರಿಸುವುದು ಅದೇ ತುಕ್ಕು ಹಿಡಿದ ಹಬ್ಬಿನ ಮೇಲೆ. ಆರು ತಿಂಗಳಿಗೆ ರೋಗ ಮರುಕಳಿಸುವುದು ಇದರಿಂದಲೇ ಹೊರತು ಡಿಸ್ಕಿನ ಕಂಪನಿಯ ದೋಷದಿಂದಲ್ಲ. ವೈರ್ ಬ್ರಷ್ಷಿನಿಂದ ಹಬ್ಬಿನ ಮುಖವನ್ನು ಹೊಳೆಯುವ ತನಕ ಉಜ್ಜುವುದಕ್ಕೆ ಹತ್ತು ನಿಮಿಷ ಬೇಕು. ಅದೇ ಹತ್ತು ನಿಮಿಷವನ್ನು ಎಲ್ಲರೂ ಉಳಿಸುತ್ತಾರೆ.

ವೀಲ್ ನಟ್ಟಿನಿಂದಲೂ ಇದೇ ವಾಲಿಕೆ ಬರುತ್ತದೆ. ಪಂಚರ್ ಅಂಗಡಿಯಲ್ಲಿ ಸ್ಪ್ಯಾನರಿಗೆ ಕಬ್ಬಿಣದ ಪೈಪ್ ಸಿಕ್ಕಿಸಿ, ಅದರ ಮೇಲೆ ಹತ್ತಿ ನಿಂತು ಒಂದೊಂದೇ ನಟ್ಟನ್ನು ಪೂರ್ತಿ ಬಿಗಿದು ಮುಂದಿನದಕ್ಕೆ ಹೋಗುವುದನ್ನು ನೀವೂ ನೋಡಿರುತ್ತೀರಿ. ಏರ್ ಗನ್ ಇರುವಲ್ಲಿ ಸದ್ದು ಬೇರೆ, ಕೆಲಸ ಅದೇ. ಎದುರುಬದುರು ನಟ್ಟುಗಳನ್ನು ಮೊದಲು ಕೈಬಿಗಿ ಮಾಡಿ, ಆಮೇಲೆ ಅದೇ ಕ್ರಮದಲ್ಲಿ ಎರಡು ಸುತ್ತು ಬಿಗಿಯಬೇಕು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಬಿಗಿ ಸಾಕು. ನಿಮ್ಮ ಕಾರಿನ ಅಂಕಿ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತದೆ. ಟಾರ್ಕ್ ರೆಂಚ್ ಇಟ್ಟುಕೊಂಡ ಪಂಚರ್ ಅಂಗಡಿ ಸಿಕ್ಕಿದರೆ ಆ ಅಂಗಡಿಯನ್ನು ಬಿಡಬೇಡಿ.

ಮೂರನೆಯ ಕಾರಣ ಗೇಟಿನ ಮುಂದಿನ ಸಾಲಿನಲ್ಲಿದೆ. ಜೋರಾಗಿ ಬ್ರೇಕ್ ಹಿಡಿದು ಬಂದು, ಕಾದ ಪ್ಯಾಡನ್ನು ಕಾದ ಡಿಸ್ಕಿನ ಮೇಲೆ ಹಾಗೇ ಒತ್ತಿಹಿಡಿದು ನಿಂತರೆ ಪ್ಯಾಡಿನ ವಸ್ತು ಆ ಜಾಗಕ್ಕೆ ಮೆತ್ತಿಕೊಳ್ಳುತ್ತದೆ. ಮೆತ್ತಿದ ಜಾಗ ಮತ್ತೆ ಮತ್ತೆ ಹೆಚ್ಚು ಉಜ್ಜಿ ಹೆಚ್ಚು ಕಾಯುತ್ತದೆ. 650 ಡಿಗ್ರಿಯ ಮೇಲೆ ಹೋದರೆ ಆ ಚುಕ್ಕೆಯ ಬೀಡು ಸಿಮೆಂಟೈಟ್ ಎಂಬ ಗಡಸು ರೂಪಕ್ಕೆ ಬದಲಾಗುತ್ತದೆ. ಗಡಸು ಚುಕ್ಕೆ ಸುತ್ತಲಿನ ಕಬ್ಬಿಣದಂತೆ ಸವೆಯುವುದಿಲ್ಲ. ಲೇತಿನ ಉಳಿ ಮೇಲಿನದನ್ನು ತೆಗೆದರೂ ಬೇರು ಒಳಗೆ ಉಳಿದಿರುತ್ತದೆ. ಅಂಥ ಡಿಸ್ಕ್ ಗುಜರಿಗೇ ಸರಿ. ತಡೆಯುವುದು ಸುಲಭ: ನಿಂತ ಮೇಲೆ ಪೆಡಲ್ ಬಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ.

ಒಂದು ಎಚ್ಚರಿಕೆ. ಜಾರು ರಸ್ತೆಯಲ್ಲಿ ಗಕ್ಕನೆ ಬ್ರೇಕ್ ಒತ್ತಿದಾಗ ಮಾತ್ರ ಪೆಡಲ್ ಪಟಪಟ ಒದ್ದರೆ ಅದು ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಮಾಡುವ ಕೆಲಸ. 2019ರ ಏಪ್ರಿಲ್ ನಂತರ ನಮ್ಮಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯವಾಗಿದೆ. ಗಾಬರಿಯಾಗಿ ಕಾಲು ತೆಗೆಯಬಾರದು, ಒತ್ತಿಯೇ ಇರಬೇಕು. ಮಾಮೂಲಿ ಬ್ರೇಕಿಗೂ ಪೆಡಲ್ ಕುಟ್ಟಿದರೆ ಮಾತ್ರ ಡಿಸ್ಕ್ ನೋಡಿಸಿ.

ಅಳತೆ ಎರಡು ಬಗೆ. ವಾಲಿಕೆಯನ್ನು ಡಯಲ್ ಗೇಜಿನಿಂದ ನೋಡುತ್ತಾರೆ. ಡಿಸ್ಕನ್ನು ನಟ್ಟಿನಿಂದ ಹಬ್ಬಿಗೆ ಬಿಗಿದು, ಗೇಜಿನ ಮುಳ್ಳನ್ನು ಅಂಚಿನ ಹತ್ತಿರ ತಾಗಿಸಿ ಕೈಯಿಂದ ಒಂದು ಸುತ್ತು ತಿರುಗಿಸುವುದು. 0.05 ಮಿಲಿಮೀಟರಿನೊಳಗೆ ಇದ್ದರೆ ಚೆನ್ನ, 0.1 ದಾಟಿದರೆ ಒಪ್ಪುವಂತಿಲ್ಲ. ದಾಟಿತೆಂದು ಡಿಸ್ಕನ್ನು ತಕ್ಷಣ ದೂರಬೇಡಿ. ಅದನ್ನು ಒಂದು ನಟ್ಟಿನಷ್ಟು ತಿರುಗಿಸಿ ಕೂರಿಸಿ ಮತ್ತೆ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಲೇತ್ ಇರುವ ಕಡೆಯೆಲ್ಲ ಡಯಲ್ ಗೇಜ್ ಇರುತ್ತದೆ. ಕೇಳಿದರೆ ತೆಗೆಯುತ್ತಾರೆ.

ದಪ್ಪದ ಅಳತೆ ಮನೆಯಲ್ಲೂ ಮಾಡಬಹುದಾದದ್ದು. ಡಿಸ್ಕಿನ ಅಂಚಿನಲ್ಲೋ ನಡುವಿನ ಟೋಪಿಯಂಥ ಭಾಗದಲ್ಲೋ ಕನಿಷ್ಠ ದಪ್ಪದ ಅಂಕಿಯನ್ನು ಅಚ್ಚೊತ್ತಿರುತ್ತಾರೆ. ಹೊಸದರಲ್ಲಿ 17 ಮಿಲಿಮೀಟರ್ ಇದ್ದರೆ ಕನಿಷ್ಠ 15, 22 ಇದ್ದರೆ 20, ಹೀಗೆ ಸಾಮಾನ್ಯವಾಗಿ ಎರಡು ಮಿಲಿಮೀಟರಿನ ಆಯಸ್ಸು. ಇಲ್ಲೊಂದು ಬಲೆ ಇದೆ. ಪ್ಯಾಡ್ ತಾಗದ ಹೊರ ಅಂಚು ಸವೆಯದೆ ದಿಂಡಿನ ಹಾಗೆ ಎದ್ದು ನಿಂತಿರುತ್ತದೆ. ವರ್ನಿಯರ್ ಇಟ್ಟರೆ ಅದರ ದವಡೆ ದಿಂಡಿನ ಮೇಲೇ ಕೂತು ಹೊಸ ಡಿಸ್ಕಿನ ಅಳತೆ ತೋರಿಸುತ್ತದೆ. ಅದಕ್ಕೆ ಎರಡು ಒಂದೇ ಥರದ ರೂಪಾಯಿ ನಾಣ್ಯ ತೆಗೆದುಕೊಂಡು ಜೋಡಿಸಿ ದಪ್ಪ ಅಳೆದುಕೊಳ್ಳಿ. ಆಮೇಲೆ ಡಿಸ್ಕಿನ ಎರಡೂ ಮುಖಕ್ಕೆ ದಿಂಡಿನ ಒಳಗಡೆ ಒಂದೊಂದು ನಾಣ್ಯ ಒತ್ತಿ, ನಾಣ್ಯಗಳ ಮೇಲೆ ವರ್ನಿಯರ್ ಹಿಡಿಯಿರಿ. ಬಂದ ಅಂಕಿಯಲ್ಲಿ ನಾಣ್ಯಗಳ ದಪ್ಪ ಕಳೆದರೆ ಡಿಸ್ಕಿನ ನಿಜವಾದ ದಪ್ಪ. ಸುತ್ತಲೂ ಏಳೆಂಟು ಕಡೆ ಅಳೆದು ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಲೆಕ್ಕಕ್ಕೆ ಹಿಡಿಯಬೇಕು. ನಡುಕ ಹುಟ್ಟಿಸುವ, ಮಿಲಿಮೀಟರಿನ ನೂರರಲ್ಲಿ ಎರಡು ಪಾಲಿನಂಥ ವ್ಯತ್ಯಾಸ ಹುಡುಕಲು ಇದು ಸಾಲದು, ಅದಕ್ಕೆ ಮೈಕ್ರೋಮೀಟರ್ ಬೇಕು. ಆದರೆ ಇಡಬೇಕೋ ಬಿಸಾಡಬೇಕೋ ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಹಾಗಾದರೆ ಲೇತ್ ಹೊಡೆಸಬಾರದೇ? ಹೊಡೆಸಬಹುದು, ಲೆಕ್ಕ ಹಾಕಿ. 17ರ ಡಿಸ್ಕ್ ಸವೆದು 16ಕ್ಕೆ ಬಂದಿದೆ ಎನ್ನಿ. ಒಂದೊಂದು ಮುಖದಿಂದ ಕಾಲು ಮಿಲಿಮೀಟರ್ ತೆಗೆದರೆ 15.5 ಉಳಿಯಿತು. ಕನಿಷ್ಠಕ್ಕೆ ಇನ್ನುಳಿದದ್ದು ಅರ್ಧ ಮಿಲಿಮೀಟರ್. ಹೊಸ ಪ್ಯಾಡ್ ಮುಗಿಯುವ ಮೊದಲೇ ಡಿಸ್ಕ್ ಮುಗಿಯುತ್ತದೆ. ತೆಳು ಡಿಸ್ಕ್ ಬೇಗ ಕಾಯುತ್ತದೆ, ಬೇಗ ಬಿರುಕು ಬಿಡುತ್ತದೆ, ಪಿಸ್ಟನ್ ಇರಬೇಕಾದ್ದಕ್ಕಿಂತ ಹೊರಗೆ ಬರುತ್ತದೆ. ಸಣ್ಣ ಕಾರಿನ ಒಂದು ಜೊತೆ ಡಿಸ್ಕಿಗೆ ಕೆಲವು ಸಾವಿರ ರೂಪಾಯಿ. ಲೇತಿನ ಕೂಲಿ, ಎರಡು ಸಲ ಬಿಚ್ಚಿ ಹಾಕುವ ಕೂಲಿ, ಗಾಡಿ ನಿಂತ ದಿನದ ನಷ್ಟ ಇವನ್ನು ಸೇರಿಸಿದರೆ ಹಳದಿ ಬೋರ್ಡಿನ ಕಾರಿಗೆ ಹೊಸದೇ ಅಗ್ಗ ಎಂಬುದು ನನ್ನ ಅಭಿಪ್ರಾಯ. ದಪ್ಪ ಇನ್ನೂ ಧಾರಾಳವಾಗಿರುವ, ತುಕ್ಕಿನ ಗುಳಿಗಳಿಂದಷ್ಟೇ ಕೆಟ್ಟಿರುವ ದುಬಾರಿ ಡಿಸ್ಕಿಗೆ ಲೇತ್ ಸರಿ. ಆಗಲೂ ಎಡ-ಬಲ ಎರಡನ್ನೂ ಹೊಡೆಸಿ. ಕೊನೆಯಲ್ಲಿ ಉಪ್ಪುಕಾಗದದಿಂದ ಎರಡೂ ಮುಖವನ್ನು ಅಡ್ಡಾದಿಡ್ಡಿ ತಿಕ್ಕಿಸಿ, ಇಲ್ಲದಿದ್ದರೆ ಉಳಿಯ ಸುರುಳಿ ಗೀರಿನಲ್ಲಿ ಪ್ಯಾಡ್ ಎಳೆದಾಡಿ ಟಕಟಕ ಸದ್ದು ಬರುತ್ತದೆ.

ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಬಳಿದಿರುತ್ತಾರೆ. ಬ್ರೇಕ್ ಕ್ಲೀನರಿನಿಂದ ಅದನ್ನು ತೊಳೆಯದೆ ಹಾಕಿದರೆ ಪ್ಯಾಡ್ ಎಣ್ಣೆ ಕುಡಿದು ಹಾಳಾಗುತ್ತದೆ. ಹೊಸ ಡಿಸ್ಕಿನ ಜೊತೆ ಹೊಸ ಪ್ಯಾಡ್ ಹಾಕಿ. ಆಮೇಲೆ ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಹದವಾಗಿ ಎಂಟು-ಹತ್ತು ಸಲ ಇಳಿಸಿ, ನಡುನಡುವೆ ಆರಲು ಬಿಡಿ, ಪೂರ್ತಿ ನಿಲ್ಲಿಸಬೇಡಿ. ಮೊದಲ 200-300 ಕಿಲೋಮೀಟರ್ ಬ್ರೇಕನ್ನು ದಂಡಿಸಬೇಡಿ. ಹ್ಯಾಂಡ್‌ಪೋಸ್ಟಿನಿಂದ ಹಂಪಾಪುರದ ಕಡೆಗೆ ಬೆಳಗಿನ ಹೊತ್ತು ಒಂದು ಸುತ್ತು ಹೋಗಿಬಂದರೆ ಆ ಎಂಟು-ಹತ್ತು ಸಲದ ಕೆಲಸ ಮುಗಿಯುತ್ತದೆ. ಮಾರುಕಟ್ಟೆಯಲ್ಲಿ ನಕಲಿ ಪ್ಯಾಡ್ ಬೇಕಾದಷ್ಟಿದೆ. ಬಿಲ್ ಕೊಡದ ಅಂಗಡಿಯಲ್ಲಿ ಬ್ರೇಕಿನ ಸಾಮಾನು ಕೊಳ್ಳಬೇಡಿ.

ಡಿಸ್ಕಿನ ಆಯಸ್ಸು ಅದರ ಪಕ್ಕದವರ ಕೈಯಲ್ಲೂ ಇದೆ. ಸಾಮಾನ್ಯ ಕಾರಿನ ಕ್ಯಾಲಿಪರಿನಲ್ಲಿ ಪಿಸ್ಟನ್ ಒಳಗಡೆ ಒಂದೇ ಇರುತ್ತದೆ. ಅದು ಒಳಗಿನ ಪ್ಯಾಡನ್ನು ತಳ್ಳಿದಾಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ತರುತ್ತದೆ. ಪಿನ್ನಿನ ರಬ್ಬರ್ ಹರಿದು ಕೆಮ್ಮಣ್ಣು ಒಳಹೊಕ್ಕರೆ ಆ ಜಾರಾಟ ನಿಲ್ಲುತ್ತದೆ. ಪ್ಯಾಡ್ ಬಿಚ್ಚಿದಾಗ ಒಳಗಿನದು ಕಾಗದದಷ್ಟು, ಹೊರಗಿನದು ಹೊಸದರಷ್ಟು ಇದ್ದರೆ ಪಿನ್ ಹಿಡಿದಿದೆ ಎಂದರ್ಥ. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಒಂದೊಂದು ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮುಂದಿನ ಚಕ್ರ ಮಾತ್ರ ಸುಡುತ್ತಿದ್ದರೆ ಅಲ್ಲೇ ತೊಂದರೆ. ಪಿನ್ನಿಗೆ ಸಿಲಿಕೋನ್ ಗ್ರೀಸೇ ಆಗಬೇಕು. ಕೈಗೆ ಸಿಕ್ಕಿದ ಚಾಸಿ ಗ್ರೀಸ್ ಬಳಿದರೆ ರಬ್ಬರ್ ಉಬ್ಬಿ ಪಿನ್ ಮೊದಲಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ಪ್ಯಾಡಿನ ವಸ್ತು 3 ಮಿಲಿಮೀಟರಿಗೆ ಬಂದಾಗ ಬದಲಿಸಿದರೆ ಡಿಸ್ಕ್ ಉಳಿಯುತ್ತದೆ. ಕೀಚಲು ಸದ್ದು ಬಂದರೂ ಮುಂದಿನ ತಿಂಗಳು ನೋಡೋಣ ಎಂದು ಓಡಿಸಿದರೆ ಪ್ಯಾಡಿನ ಹಿಂದಿನ ಕಬ್ಬಿಣದ ಪಟ್ಟಿ ಡಿಸ್ಕನ್ನು ಎರಡೇ ದಿನದಲ್ಲಿ ಉಳುತ್ತದೆ. ಇನ್ನೊಂದು, ಬ್ರೇಕಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದುವ ಅಭ್ಯಾಸ ಬಿಡಬೇಕು. ಹಳೆಯ ಪ್ಯಾಡ್, ಲೈನರುಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಇಳಿದರೆ ಹೊರಬರುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಅಂತರಸಂತೆ ಸುತ್ತಮುತ್ತ ನೆಲ ಹೆಚ್ಚುಕಡಿಮೆ ಸಮ. ಡಿಸ್ಕಿಗೆ ನಿಜವಾದ ಪರೀಕ್ಷೆ ಕಾದಿರುವುದು ಇದೇ ದಾರಿಯಲ್ಲಿ ವಯನಾಡು ದಾಟಿದ ಮೇಲೆ, ಲಕ್ಕಿಡಿಯಿಂದ ಕೆಳಗೆ ಒಂಬತ್ತು ಹೇರ್‌ಪಿನ್ ತಿರುವುಗಳ ತಾಮರಶ್ಶೇರಿ ಘಾಟಿಯಲ್ಲಿ. ಐದು ಜನ ಕೂತ, ಸಾಮಾನು ತುಂಬಿದ 1300 ಕಿಲೋ ಕಾರು 100 ಮೀಟರ್ ಎತ್ತರ ಇಳಿದರೆ ಸುಮಾರು 1270 ಕಿಲೋಜೌಲ್ ಶಕ್ತಿ ಹೊರಬರಬೇಕು. ಅದೇ ಕಾರನ್ನು 80ರ ವೇಗದಿಂದ ನಾಲ್ಕು ಸಲ ನಿಲ್ಲಿಸಿದಷ್ಟು. ಘಾಟಿ ಇಳಿಯುವುದೆಂದರೆ ಇಂಥ ನೂರು ಮೀಟರುಗಳು ಹಲವು. ಬ್ರೇಕ್ ಒತ್ತಿಕೊಂಡೇ ಇಳಿದರೆ ಬಿಸಿ ಡಿಸ್ಕಿನಿಂದ ಪ್ಯಾಡಿಗೆ, ಪಿಸ್ಟನಿಗೆ, ಬ್ರೇಕ್ ಆಯಿಲಿಗೆ ದಾಟುತ್ತದೆ. ಡಾಟ್ 4 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ಅದು ಗಾಳಿಯಿಂದ ತೇವ ಹೀರುವ ವಸ್ತು. ನೂರಕ್ಕೆ ಮೂರು-ನಾಲ್ಕು ಪಾಲು ನೀರು ಸೇರಿದರೆ ಕುದಿಯುವ ಬಿಂದು 155ರ ಆಸುಪಾಸಿಗೆ ಇಳಿಯಬಹುದು, ಡಾಟ್ 3 ಆದರೆ 140ಕ್ಕೆ. ಕುದಿದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಗ್ಯಾರೇಜಿನ ಅಲಮಾರಿಯಲ್ಲಿ ಹೋದ ವರ್ಷ ತೆರೆದ ಅರ್ಧ ಡಬ್ಬಿ ಇರುತ್ತದೆ. ಅದು ಬೇಡ ಎನ್ನಿ, ಸೀಲ್ ಒಡೆಯದ ಡಬ್ಬಿ ಕೇಳಿ. ಪ್ಯಾಡ್ ಸವೆದಂತೆ ಆಯಿಲ್ ಮಟ್ಟ ತಾನಾಗಿ ಇಳಿಯುತ್ತದೆ, ಇಳಿದಾಗಲೆಲ್ಲ ತುಂಬಿಸುವ ಮೊದಲು ಪ್ಯಾಡ್ ನೋಡಿಸಿ. ಘಾಟಿಯಲ್ಲಿ ಎರಡನೇ ಗೇರಿನಲ್ಲೇ ಇಳಿಯಿರಿ, ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಬಳಸಿ. ಚಾಮುಂಡಿ ಬೆಟ್ಟ ಇಳಿಯುವಾಗಲೂ ಅದೇ ಕ್ರಮ. ನ್ಯೂಟ್ರಲ್‌ನಲ್ಲಿ ಇಳಿದು ಡೀಸೆಲ್ ಉಳಿಸುವ ಜಾಣರು ಇವತ್ತಿಗೂ ಸಿಗುತ್ತಾರೆ. ಇಂದಿನ ಎಂಜಿನ್ನುಗಳು ಗೇರಿನಲ್ಲಿ ಇಳಿಜಾರು ಇಳಿಯುವಾಗ ಇಂಧನವನ್ನೇ ನಿಲ್ಲಿಸುತ್ತವೆ ಎಂಬುದು ಅವರಿಗೆ ಗೊತ್ತಿಲ್ಲ.

ರಂಧ್ರ ಕೊರೆದ, ಗೀರು ಹಾಕಿದ ಫ್ಯಾನ್ಸಿ ಡಿಸ್ಕುಗಳ ಬಗ್ಗೆ ಹುಡುಗರು ಕೇಳುತ್ತಾರೆ. ನೋಡಲು ಚೆಂದ. ನಮ್ಮ ಕೆಸರಿನಲ್ಲಿ ಆ ರಂಧ್ರಗಳು ಮುಚ್ಚಿಹೋಗುತ್ತವೆ, ಬಿರುಕು ಶುರುವಾಗುವುದೂ ಅಲ್ಲಿಂದಲೇ. ದುಡ್ಡು ಬೇರೆ ಕಡೆ ಹಾಕಿ.

ಈಗ ಕಬಿನಿ ಬಳಿಯ ಕಾರಾಪುರದ ರೆಸಾರ್ಟುಗಳಿಗೆ ವಿದ್ಯುತ್ ಕಾರುಗಳೂ ಬರುತ್ತಿವೆ. ಇವುಗಳಲ್ಲಿ ಕಾಲು ತೆಗೆದೊಡನೆ ಮೋಟಾರೇ ಜನರೇಟರ್ ಆಗಿ ಕಾರನ್ನು ನಿಧಾನಿಸುತ್ತದೆ, ಡಿಸ್ಕಿಗೆ ಕೆಲಸವೇ ಇಲ್ಲ. ಪ್ಯಾಡ್ ಬಹಳ ವರ್ಷ ಬಾಳುತ್ತದೆ ಎಂದು ಮಾರುವವರು ಹೇಳುವುದು ನಿಜ. ಕೆಲಸವಿಲ್ಲದ ಡಿಸ್ಕ್ ತುಕ್ಕು ಹಿಡಿಯುತ್ತದೆ ಎಂಬುದನ್ನು ಅವರು ಹೇಳುವುದಿಲ್ಲ. ಫೋಕ್ಸ್‌ವ್ಯಾಗನ್ ತನ್ನ ಐಡಿ.3 ವಿದ್ಯುತ್ ಕಾರಿನ ಹಿಂದಿನ ಚಕ್ರಕ್ಕೆ ಡ್ರಮ್ ಹಾಕಿದ್ದರ ಹಿಂದೆ ಇದೇ ಲೆಕ್ಕಾಚಾರ ಇದೆ. ಯುರೋಪಿನ ಯೂರೊ 7 ನಿಯಮ ಮೊದಲ ಬಾರಿಗೆ ಬ್ರೇಕಿನ ಧೂಳಿಗೂ ಮಿತಿ ಹಾಕಿದೆ: ಮಾಮೂಲಿ ಕಾರು ಕಿಲೋಮೀಟರಿಗೆ 7 ಮಿಲಿಗ್ರಾಂ, ವಿದ್ಯುತ್ ಕಾರು 3. ನಮ್ಮ ಬಿಎಸ್ 6ರಲ್ಲಿ ಅಂಥ ಮಿತಿ ಇಲ್ಲ. ವಿದ್ಯುತ್ ಕಾರಿನವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಬ್ಯಾಟರಿ ನೂರಕ್ಕೆ ನೂರು ತುಂಬಿದ್ದರೆ ಮೋಟಾರು ಶಕ್ತಿಯನ್ನು ಒಳಗೆ ತೆಗೆದುಕೊಳ್ಳಲಾರದು. ಆಗ ನಿಲ್ಲಿಸುವ ಭಾರವೆಲ್ಲ ಡಿಸ್ಕಿನ ಮೇಲೆ ಬರುತ್ತದೆ. ವಯನಾಡಿನ ಹೋಟೆಲಿನಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿ ಬೆಳಿಗ್ಗೆ ಲಕ್ಕಿಡಿಯಿಂದ ಘಾಟಿ ಇಳಿಯುವವರು ಎಂಬತ್ತಕ್ಕೋ ಎಂಬತ್ತೈದಕ್ಕೋ ಚಾರ್ಜ್ ನಿಲ್ಲಿಸಿ ಹೊರಡುವುದು ಒಳ್ಳೆಯದು. ಹೊರಡುವ ಮುಂಚೆ ಹೋಟೆಲಿನ ಅಂಗಳದಲ್ಲೇ ಪೆಡಲ್ ಒತ್ತಿ ಬ್ರೇಕ್ ಹಿಡಿಯುತ್ತದೆಯೇ ಎಂದು ನೋಡಿಕೊಳ್ಳಬೇಕು.